ಮೊಣಕಾಲಿನ ಸಿಂಬೆ

ತಳ ದುಂಡಾದ ಮಡಕೆಯು ಸಮನೆಲದ ಮೇಲೆ ತಾನಾಗಿ ನಿಲ್ಲಲಾರದು. ಅದಕ್ಕೊಂದು ಸಿಂಬೆ ಬೇಕು. ನಮ್ಮ ಮೊಣಕಾಲಿನೊಳಗೆ ಪ್ರಕೃತಿಯು ಇದೇ ಉಪಾಯವನ್ನು ಹೂಡಿದೆ. ತೊಡೆಯೆಲುಬಿನ ಕೆಳತುದಿ ದುಂಡಗಿದೆ. ಅದನ್ನು ಹೊರುವ ಕೆಳಗಾಲಿನ ಎಲುಬಿನ ನೆತ್ತಿಯಾದರೋ ಬಹುಮಟ್ಟಿಗೆ ಚಪ್ಪಟೆಯಾಗಿದೆ. ಇವೆರಡರ ನಡುವೆ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಅರ್ಧಚಂದ್ರಾಕಾರದ ಮೃದ್ವಸ್ಥಿಯ ಬಿಲ್ಲೆಗಳಿವೆ. ಇವುಗಳಿಗೆ ಮೆನಿಸ್ಕಸ್ ಎಂದು ಹೆಸರು. ದೇಹದ ಭಾರವನ್ನು ಹರಡುವುದು, ನೆಗೆದಾಗಿನ ಆಘಾತವನ್ನು ತಗ್ಗಿಸುವುದು, ಕೀಲು ಜಾರದಂತೆ ತಡೆಯುವುದು ಇವುಗಳ ಕೆಲಸ. ಇಂತಹ ಬಿಲ್ಲೆಯೊಂದು ಹರಿದುದರಿಂದ ಅಮೆರಿಕದ ಆಟದ ತಂಡವೊಂದರ ಭವಿಷ್ಯವೇ ಬೇರೆ ದಾರಿ ಹಿಡಿಯಿತು.

ಅಮೆರಿಕನ್ ಫುಟ್‌ಬಾಲ್ ನಮಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡಿ, ಇಲ್ಲವೆ ಎಸೆದು, ಎದುರಾಳಿಯ ಗೆರೆಯನ್ನು ದಾಟಿಸಬೇಕು. ಅದನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕೆಂಬುದನ್ನು ಕೆಲವೇ ಕ್ಷಣಗಳಲ್ಲಿ ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. 2024ರ ಏಪ್ರಿಲ್‌ನಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡವು ಮಿಷಿಗನ್ ವಿಶ್ವವಿದ್ಯಾನಿಲಯದ ಪರವಾಗಿ ಆಡಿದ್ದ 21 ವರ್ಷದ ಜೆ. ಜೆ. ಮೆಕಾರ್ಥಿಯನ್ನು ಈ ಸ್ಥಾನಕ್ಕೆಂದು ಆರಿಸಿಕೊಂಡಿತು. ಆಗಸ್ಟ್ 10ರಂದು, ಋತು ಆರಂಭವಾಗುವ ಮೊದಲೇ, ಪೂರ್ವಾಭ್ಯಾಸದ ಪಂದ್ಯದಲ್ಲಿ ಈತನ ಬಲಮೊಣಕಾಲಿನ ಮೆನಿಸ್ಕಸ್ ಹರಿಯಿತು.

ಇಂತಹ ಗಾಯಕ್ಕೆ ಶಸ್ತ್ರವೈದ್ಯರ ಮುಂದೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಹರಿದ ಚೂರನ್ನು ಕತ್ತರಿಸಿ ತೆಗೆಯುವುದು ಒಂದು. ಆಗ ಆಟಗಾರನು ಕೆಲವೇ ವಾರಗಳಲ್ಲಿ ಅಂಗಳಕ್ಕೆ ಮರಳಬಹುದು. ಹರುಕನ್ನು ಹೊಲಿದು ಕೂಡಿಸುವುದು ಇನ್ನೊಂದು. ಇದು ಗುಣವಾಗಲು ಹಲವು ತಿಂಗಳುಗಳೇ ಬೇಕು. ಹೊಲಿಗೆಗೆ ಇಷ್ಟು ಕಾಲವೇಕೆ?

ಗಾಯ ಮಾಯುವುದಕ್ಕೆ ರಕ್ತ ಬೇಕು. ಆದರೆ ಪ್ರಾಯದವರ ಮೆನಿಸ್ಕಸ್ಸಿನಲ್ಲಿ ಹೊರ ಅಂಚಿಗೆ ಮಾತ್ರ ರಕ್ತನಾಳಗಳು ತಲಪುತ್ತವೆ. ಕಾಲುವೆಗೆ ಹತ್ತಿರದ ಗದ್ದೆ ಹಸುರಾಗಿದ್ದು ಕಡೆಯ ಗದ್ದೆಗೆ ನೀರು ಹತ್ತದಿರುವಂತೆ, ಬಿಲ್ಲೆಯ ಒಳಭಾಗವು ಕೀಲಿನ ದ್ರವದಿಂದಲೇ ಪೋಷಣೆ ಪಡೆಯಬೇಕು. ಆದುದರಿಂದ ಹೊರ ಅಂಚಿನ ಹರುಕು ಕೂಡಿಕೊಳ್ಳುವ ಸಂಭವ ಹೆಚ್ಚು, ಒಳಗಿನದು ಕಡಮೆ. ಕೂಡುವ ಹರುಕೂ ನಿಧಾನವಾಗಿಯೇ ಕೂಡುತ್ತದೆ; ಅಷ್ಟರವರೆಗೆ ಕಾಲಿನ ಮೇಲೆ ಪೂರ್ಣ ಭಾರ ಬಿದ್ದರೆ ಹೊಲಿಗೆ ಬಿಚ್ಚೀತು.

ಹಾಗಾದರೆ ಕತ್ತರಿಸಿ ತೆಗೆಯುವುದೇ ಸುಲಭವಲ್ಲವೆ? ಹಿಂದೆ ವೈದ್ಯರೂ ಹಾಗೆಯೇ ಭಾವಿಸಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೆನಿಸ್ಕಸ್ಸನ್ನು ಪ್ರಯೋಜನವಿಲ್ಲದ ಅವಶೇಷವೆಂದು ಎಣಿಸಿದವರಿದ್ದರು. 1948ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಫೇರ್‌ಬ್ಯಾಂಕ್, ಅದನ್ನು ತೆಗೆಸಿಕೊಂಡವರ ಮೊಣಕಾಲಿನ ಎಕ್ಸ್-ಕಿರಣ ಚಿತ್ರಗಳಲ್ಲಿ ಎಲುಬಿನ ಅಂಚು ಬೆಳೆದು, ಕೀಲಿನ ಸಂದು ಕಿರಿದಾಗಿರುವುದನ್ನು ತೋರಿಸಿದನು. ಸಿಂಬೆ ಹೋದರೆ ಭಾರವು ಕಿರಿದಾದ ಜಾಗದ ಮೇಲೆ ಬಿದ್ದು ಕೀಲು ಬೇಗ ಸವೆಯುತ್ತದೆ. ಆದುದರಿಂದ ಇಂದು, ಸಾಧ್ಯವಿರುವೆಡೆಯಲ್ಲೆಲ್ಲ, ತರುಣರ ಮೆನಿಸ್ಕಸ್ಸನ್ನು ಉಳಿಸುವುದೇ ವೈದ್ಯರ ಗುರಿ.

ಮೆಕಾರ್ಥಿಗೆ ಮಾಡಿದುದು ಹೊಲಿಗೆಯೇ. ಆಗಸ್ಟ್ 14ರಂದು ತರಬೇತುದಾರ ಕೆವಿನ್ ಓಕಾನೆಲ್, ಈತನು ಇಡೀ ಋತು ಆಡಲಾರನೆಂದು ಪ್ರಕಟಿಸಿದರು. ಬದಲಿಗೆ ನಿಂತ ಸ್ಯಾಮ್ ಡಾರ್ನಾಲ್ಡ್ 17 ಪಂದ್ಯಗಳಲ್ಲಿ 14ನ್ನು ಗೆಲ್ಲಿಸಿಕೊಟ್ಟನು. ತಂಡವು ಈಗ ಇಕ್ಕಟ್ಟಿಗೆ ಸಿಕ್ಕಿತು: ಗೆದ್ದು ತೋರಿಸಿದವನನ್ನು ಉಳಿಸಿಕೊಳ್ಳುವುದೋ, ಹೊಲಿದ ಮೊಣಕಾಲನ್ನು ನಂಬುವುದೋ? ಅದು ಎರಡನೆಯದನ್ನೇ ಆರಿಸಿತು. ಸಿಯಾಟಲ್ ಸೀಹಾಕ್ಸ್ ತಂಡವನ್ನು ಸೇರಿದ ಡಾರ್ನಾಲ್ಡ್, 2026ರ ಫೆಬ್ರವರಿಯಲ್ಲಿ ಆ ತಂಡದೊಡನೆ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನೇ ಗೆದ್ದನು.

ಮೆಕಾರ್ಥಿ 2025ರ ಸೆಪ್ಟೆಂಬರ್ 8ರಂದು ಷಿಕಾಗೋ ನಗರದಲ್ಲಿ ತನ್ನ ಮೊದಲ ಅಧಿಕೃತ ಪಂದ್ಯವನ್ನಾಡಿದನು. ಮೂರು ಪಾದಗಳವರೆಗೆ ತಡವರಿಸಿ, ಕಡೆಯ ಪಾದದಲ್ಲಿ ಚೇತರಿಸಿಕೊಂಡು, ತಂಡವನ್ನು 27–24ರಿಂದ ಗೆಲ್ಲಿಸಿದನು. ಮುಂದಿನ ಪಂದ್ಯದಲ್ಲೇ ಪಾದದ ಗೆಣ್ಣು ಉಳುಕಿ ಮತ್ತೆ ಹಲವು ಪಂದ್ಯಗಳು ತಪ್ಪಿದವು. ಆ ಋತುವಿನಲ್ಲಿ ವೈಕಿಂಗ್ಸ್ ಗೆಲುವುಗಳು 9ಕ್ಕೆ ಇಳಿದವು.

ಇದರಿಂದ ಹೊಲಿಗೆ ವ್ಯರ್ಥವಾಯಿತೆನ್ನಬಹುದೆ? ಹಾಗೆನ್ನಲಾಗದು. ಶಸ್ತ್ರವೈದ್ಯನು ಮೃದ್ವಸ್ಥಿಯನ್ನು ಕೂಡಿಸಬಲ್ಲನು. ಅಂಗಳದಲ್ಲಿ ಬಿದ್ದೆದ್ದು ಕಲಿಯಬೇಕಾದ ಒಂದು ವರ್ಷವನ್ನು ಕೂಡಿಸಿಕೊಡಲಾರನು. ತಂಡದ ಲೆಕ್ಕ ಋತುಗಳಲ್ಲಿ ನಡೆಯುತ್ತದೆ. ಮೊಣಕಾಲಿನ ಲೆಕ್ಕವಾದರೋ ದಶಕಗಳದು. ಆಟ ನಿಲ್ಲಿಸಿದ ಮೇಲೆಯೂ ಮನುಷ್ಯನು ಮೆಟ್ಟಿಲು ಹತ್ತಬೇಕಷ್ಟೆ.