ಮಳೆಗಾಲದ ಸಸಿಗೆ ಒಳಮನೆ ಬೆಳಕು: ಎಲ್‌ಇಡಿ ದೀಪ ಕೊಳ್ಳುವ ಮುನ್ನ



ಮನೆಯ ಒಂದು ಮೂಲೆಯಲ್ಲಿ ಚಿಕ್ಕ ಡೇರೆ ನಿಲ್ಲಿಸಿ, ಎಲ್‌ಇಡಿ ದೀಪದ ಕೆಳಗೆ ಸಸಿ ಎಬ್ಬಿಸುವ ಕ್ರಮ ಈಚೆಗೆ ನಮ್ಮ ಕಡೆಗೂ ಬಂದಿದೆ. ಇಂಥ ದೀಪಗಳ ಜಾಹೀರಾತು ಮೊಬೈಲಿನಲ್ಲಿ ದಿನವೂ ಬರುತ್ತಿದ್ದು, ಯಾವುದನ್ನು ಕೊಳ್ಳಬೇಕೆಂದು ಹಲವರು ಸಂಘದ ಕಚೇರಿಯಲ್ಲಿ ವಿಚಾರಿಸುತ್ತಿದ್ದಾರೆ. ಆದಕಾರಣ ಈ ಬಾರಿ ಅದರ ಬಗ್ಗೆ ನಾಲ್ಕು ಮಾತು ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲಿಗೆ, ಯಾರಿಗೆ ಇದು ಬೇಡ ಎಂಬುದನ್ನು ಹೇಳಿಬಿಡುತ್ತೇವೆ. ಕಾಫಿ ಸಸಿಯನ್ನೂ ಅಡಿಕೆ ಸಸಿಯನ್ನೂ ನಾವು ಚಪ್ಪರದ ನೆರಳಿನಲ್ಲಿ ಬೆಳೆಸುವವರು. ಕಾಳುಮೆಣಸಿನ ಬಳ್ಳಿಯ ತುಂಡುಗಳು ಬೇರು ಬಿಡುವುದೂ ನೆರಳಿನಲ್ಲೇ. ಬಿಸಿಲು ಹೆಚ್ಚಾಯಿತೆಂದು ಸೋಗೆ ಹೊದಿಸುವ ಸಸಿಗೆ ದುಡ್ಡು ಕೊಟ್ಟು ಬೆಳಕು ತರುವುದರಲ್ಲಿ ಅರ್ಥವಿಲ್ಲ.

ಇದು ಉಪಯೋಗಕ್ಕೆ ಬರುವುದು ತರಕಾರಿ ಸಸಿಗೆ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣದ ನಮ್ಮಲ್ಲಿ ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿಗಳು ಬೆಳಕಿಲ್ಲದೆ ಉದ್ದುದ್ದ ಎದ್ದು ಬುಡ ಕೊಳೆತು ಮಲಗುತ್ತವೆ. ಆಗಸ್ಟ್ ಮೊದಲಲ್ಲಿ ಒಳಗೆ ಬಿತ್ತಿದ ಮೆಣಸಿನ ಸಸಿ 40 ದಿನದಲ್ಲಿ ನಾಟಿಗೆ ಬರುತ್ತದೆ. ಮಳೆ ಇಳಿಯುವ ಹೊತ್ತಿಗೆ ಹಿತ್ತಿಲಿಗೆ ಇಳಿಸಬಹುದು. ಮನೆ ಖರ್ಚಿನ ತರಕಾರಿ ಉಳಿದು ನಾಲ್ಕು ಜನಕ್ಕೆ ಸಸಿ ಮಾರಿದರೂ ಸಣ್ಣ ಹಿಡುವಳಿಗೆ ಅದು ಲಾಭವೇ. ಆದರೆ ತಪ್ಪು ದೀಪ ಕೊಂಡರೆ ಆ ಲಾಭವೆಲ್ಲ ಕರೆಂಟ್ ಬಿಲ್ಲಿಗೆ ಹೋಗುತ್ತದೆ.

ವ್ಯಾಟ್ ನೋಡಿ ಮೋಸಹೋಗಬೇಡಿ

ಡಬ್ಬಿಯ ಮೇಲೆ ‘1000 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದ ದೀಪಗಳಲ್ಲಿ ಎಷ್ಟೋ ದೀಪಗಳು ಗೋಡೆಯ ಪ್ಲಗ್ಗಿನಿಂದ ಎಳೆಯುವುದು ನೂರು, ನೂರೈವತ್ತು ವ್ಯಾಟ್ ಮಾತ್ರ. ಹಳೆಯ ಕಾಲದ ಇಂತಿಷ್ಟು ವ್ಯಾಟಿನ ದೀಪಕ್ಕೆ ಇದು ಸಮ ಎಂಬ ನೆಪದಲ್ಲಿ ಆ ದೊಡ್ಡ ಸಂಖ್ಯೆ ಹಾಕಿರುತ್ತಾರೆ. ನಿಜವಾಗಿ ಎಳೆಯುವ ವ್ಯಾಟ್ ಎಷ್ಟೆಂದು ಕೇಳತಕ್ಕದ್ದು. ಅದೂ ಅರ್ಧ ಮಾತು ಮಾತ್ರ. ವ್ಯಾಟ್ ಎಂದರೆ ದೀಪ ತಿನ್ನುವ ಕರೆಂಟೇ ಹೊರತು ಕೊಡುವ ಬೆಳಕಲ್ಲ.

ಚೆರಿ ಕಾಫಿ ಮಾರುವಾಗ ಮೂಟೆಯ ತೂಕವೊಂದೇ ನೋಡಿ ವ್ಯಾಪಾರ ಮುಗಿಸುವವರು ನಮ್ಮಲ್ಲಿ ಯಾರೂ ಇಲ್ಲ. ಔಟ್‌ಟರ್ನ್ ಎಷ್ಟು ಎಂಬುದೇ ಮೊದಲ ಪ್ರಶ್ನೆ. ದೀಪಕ್ಕೂ ಔಟ್‌ಟರ್ನ್ ಉಂಟು. ಗಿಡ ಬಳಸುವ ಬೆಳಕಿನ ಕಣಗಳನ್ನು ಮೈಕ್ರೋಮೋಲ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಒಂದು ಜೂಲ್ ವಿದ್ಯುತ್ತಿಗೆ ದೀಪ ಎಷ್ಟು ಮೈಕ್ರೋಮೋಲ್ ಕೊಡುತ್ತದೆ ಎಂಬುದೇ ಅದರ ಔಟ್‌ಟರ್ನ್. ಒಳ್ಳೆಯ ದೀಪದ್ದು 2.5ರಿಂದ 3, ಅಗ್ಗದ ದೀಪದ್ದು ಒಂದು, ಒಂದೂಕಾಲು. ಈ ಅಂಕಿಯನ್ನು ಬರಹದಲ್ಲಿ ಕೊಡದ ಮಾರಾಟಗಾರನಿಂದ ದೀಪ ಕೊಳ್ಳಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಒಂದು ಲೆಕ್ಕ

3 ಅಡಿಗೆ 3 ಅಡಿಯ ಡೇರೆ ಎಂದರೆ ಸುಮಾರು 0.84 ಚದರ ಮೀಟರ್. ತರಕಾರಿ ಸಸಿಗೆ ಚದರ ಮೀಟರಿಗೆ ಸೆಕೆಂಡಿಗೆ 200 ಮೈಕ್ರೋಮೋಲ್ ಬೆಳಕನ್ನು ದಿನಕ್ಕೆ 16 ಗಂಟೆ ಕೊಟ್ಟರೆ ಸಾಕು. ನಡುಹಗಲ ನೆತ್ತಿ ಬಿಸಿಲಿನಲ್ಲಿ ಇದು ಸುಮಾರು 2000 ಇರುತ್ತದೆ. ಅಷ್ಟು ಸಸಿಗೆ ಬೇಕಾಗಿಲ್ಲ. ಈ ಡೇರೆಗೆ ಬೇಕಾದದ್ದು 168. ಅಂಚಿನಲ್ಲಿ ಪೋಲಾಗುವುದನ್ನು ಸೇರಿಸಿ 210 ಎಂದು ಹಿಡಿಯೋಣ.

ಔಟ್‌ಟರ್ನ್ 2.5 ಇರುವ ದೀಪ ಇಷ್ಟನ್ನು 84 ವ್ಯಾಟಿನಲ್ಲಿ ಕೊಡುತ್ತದೆ, 1.2ರ ದೀಪಕ್ಕೆ 175 ವ್ಯಾಟ್ ಬೇಕು. 30 ದಿನ ಉರಿಸಿದರೆ ಮೊದಲನೆಯದಕ್ಕೆ 40 ಯೂನಿಟ್, ಎರಡನೆಯದಕ್ಕೆ 84 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 300 ರೂಪಾಯಿಗೆ ಮೇಲ್ಪಟ್ಟು ವ್ಯತ್ಯಾಸ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಮನೆಯ ಉಚಿತ ಯೂನಿಟ್ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಗೊತ್ತಾಗಿರುವುದರಿಂದ, ಹೊಸ ದೀಪದ ಯೂನಿಟ್ಟುಗಳು ಆ ಮಿತಿಯನ್ನು ದಾಟಿಸಬಹುದೆಂಬುದನ್ನೂ ಗಮನದಲ್ಲಿಡಬೇಕು.

ಬಣ್ಣ ಯಾವುದು?

ಕೆಂಪು, ನೀಲಿ ಬೆರೆತ ನೇರಳೆ ದೀಪವೇ ಗಿಡಕ್ಕೆ ಶ್ರೇಷ್ಠ ಎಂಬ ಮಾತು ಪ್ರಚಾರದಲ್ಲಿದೆ. ಗಿಡ ಹಸಿರು ಬೆಳಕನ್ನು ಬಳಸುವುದೇ ಇಲ್ಲ ಎಂಬುದು ಇದರ ಹಿಂದಿನ ನಂಬಿಕೆ. ಅಮೆರಿಕದ ವಿಜ್ಞಾನಿ ಮೆಕ್‌ಕ್ರೀ ಅವರು 22 ಬೆಳೆಗಳ ಎಲೆಗಳನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಕೆಂಪು ಬೆಳಕಿನ ಕೆಲಸ ಹೆಚ್ಚಾದರೂ ಹಸಿರನ್ನೂ ಎಲೆ ಚೆನ್ನಾಗಿ ಬಳಸುತ್ತದೆ ಎಂಬುದು ಸ್ಪಷ್ಟವಾಗಿದೆ. ಬಿಳಿ ಎಲ್‌ಇಡಿಯಲ್ಲಿ ಈ ಎಲ್ಲ ಬಣ್ಣಗಳೂ ಇರುತ್ತವೆ. ಅಲ್ಲದೆ ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದದ್ದೂ ಚುಕ್ಕೆ ಬಿದ್ದದ್ದೂ ಕಣ್ಣಿಗೆ ಗೊತ್ತಾಗುವುದಿಲ್ಲ. ಸಸಿಗೆ 5000ದಿಂದ 6500 ಕೆಲ್ವಿನ್‌ನ ಬಿಳಿ ದೀಪ ಯೋಗ್ಯ. ಅದರಲ್ಲಿ ನೀಲಿಯ ಅಂಶ ಸಾಕಷ್ಟಿದ್ದು ಸಸಿ ಗಿಡ್ಡಗೆ, ಗಟ್ಟಿಯಾಗಿ ಏಳುತ್ತದೆ.

ಟ್ಯೂಬ್‌ಲೈಟೂ ಆಗುತ್ತದೆ

ಎರಡು ಮೂರು ಟ್ರೇ ಸಸಿ ಸಾಕೆನ್ನುವವರು ಡೇರೆಯನ್ನಾಗಲಿ ವಿಶೇಷ ದೀಪವನ್ನಾಗಲಿ ಕೊಳ್ಳಬೇಕಾಗಿಲ್ಲ. ಪೇಟೆಯಲ್ಲಿ ಸಿಗುವ 20 ವ್ಯಾಟಿನ, ಸುಮಾರು 2000 ಲ್ಯೂಮೆನ್‌ನ ನಾಲ್ಕಡಿ ಎಲ್‌ಇಡಿ ಟ್ಯೂಬು ಆರನ್ನು 4 ಅಡಿಗೆ 2 ಅಡಿಯ ಹಲಗೆಯ ಮೇಲೆ ಅರ್ಧ ಅಡಿ ಎತ್ತರದಲ್ಲಿ ಕಟ್ಟಿದರೆ 150ರ ಆಸುಪಾಸು ಬೆಳಕು ಸಿಗುತ್ತದೆ. ಸಸಿ ಎದ್ದಂತೆ ಟ್ಯೂಬನ್ನೂ ಮೇಲೇರಿಸಬೇಕು. ಅಳೆಯಲು ಮೊಬೈಲಿನ ಲಕ್ಸ್ ಮೀಟರ್ ಬಳಸಬಹುದು: ಬಿಳಿ ಎಲ್‌ಇಡಿ ಬೆಳಕಿನ ಲಕ್ಸ್ ಸಂಖ್ಯೆಯನ್ನು 70ರಿಂದ ಭಾಗಿಸಿದರೆ ಮೈಕ್ರೋಮೋಲಿನ ಅಂದಾಜು ಬರುತ್ತದೆ. 14,000 ಲಕ್ಸ್ ಇದ್ದರೆ 200. ಲಕ್ಸ್ ಮನುಷ್ಯರ ಕಣ್ಣಿನ ಅಳತೆಯಾದ್ದರಿಂದ ನೇರಳೆ ದೀಪಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ನಮ್ಮ ಹವೆಗೆ ತಕ್ಕ ಎಚ್ಚರಿಕೆ

ಮಳೆಗಾಲದ ತೇವದಲ್ಲಿ ಮುಚ್ಚಿದ ಡೇರೆಯೊಳಗೆ ಬೂಷ್ಟು ಹಿಡಿಯುವುದು ಖಂಡಿತ. ಸಣ್ಣ ಫ್ಯಾನು ಸದಾ ತಿರುಗುತ್ತಿರಲಿ, ನೀರು ಕಡಿಮೆಯಿರಲಿ. ನೀರು ಸಿಡಿದರೂ ಕೆಡದಂತೆ ಐಪಿ 65 ಗುರುತಿನ ದೀಪ ಆರಿಸಬೇಕು. ನಮ್ಮ ಲೈನಿನ ವೋಲ್ಟೇಜ್ ಏರಿಳಿತ ಎಲ್ಲರಿಗೂ ಗೊತ್ತಿದ್ದದ್ದೇ. ದೀಪದ ಡ್ರೈವರ್ ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ತಾಳುತ್ತದೆ ಎಂದು ಕೇಳಿ ತಿಳಿಯಿರಿ, ಅರ್ತಿಂಗ್ ಸರಿಯಿದೆಯೇ ನೋಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ. ಕರೆಂಟು ಹೋದರೆ ಇನ್ವರ್ಟರ್ ಬ್ಯಾಟರಿ ಬಸಿದು ದೀಪ ಉರಿಸುವ ಅಗತ್ಯವಿಲ್ಲ. ಸಸಿಗೆ ಮುಖ್ಯವಾದದ್ದು ದಿನದ ಒಟ್ಟು ಬೆಳಕು. ಕರೆಂಟು ಬಂದ ಮೇಲೆ ಹೆಚ್ಚಿಗೆ ಉರಿಸಿ ಸರಿದೂಗಿಸಬಹುದು.

ಕೊನೆಯದಾಗಿ, ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ಐದಾರು ಮನೆಯವರು ಸೇರಿ ಒಂದು ಒಳ್ಳೆಯ ದೀಪ ಕೊಂಡು, ಒಂದೇ ಮನೆಯಲ್ಲಿ ಎಲ್ಲರ ಸಸಿ ಎಬ್ಬಿಸುವುದು ಜಾಣತನ. ಸಹಕಾರವೆಂದರೆ ಗೊಬ್ಬರ ತರುವುದಕ್ಕಷ್ಟೇ ಅಲ್ಲವಷ್ಟೆ. ಕೊಳ್ಳುವ ಮುನ್ನ ಮೂರು ಅಂಕಿ ಬರೆದು ತನ್ನಿ: ಎಳೆಯುವ ವ್ಯಾಟ್, ಜೂಲಿಗೆ ಮೈಕ್ರೋಮೋಲ್, ವಾರಂಟಿಯ ವರ್ಷ. ಕಚೇರಿಯ ವೇಳೆಯಲ್ಲಿ ಬಂದರೆ ಕೂತು ಲೆಕ್ಕ ಹಾಕಿ ಕೊಡಲು ನಾವು ಸಿದ್ಧರಿದ್ದೇವೆ.

— ಕಾರ್ಯದರ್ಶಿ