ಕಪ್ಪುಡುಗೆಯ ಶೋಕಿ, ಕಾಯಿಲೆಯ ಮೈ

ಬೇಸಿಗೆ ಬಂತೆಂದರೆ ಶಹಾಪುರದ ಮಲಗಿದ ಬುದ್ಧನ ಬೆಟ್ಟ ಕಾದ ಹಂಚಾಗುತ್ತದೆ. ಯಾದಗಿರಿ, ಸುರಪುರಗಳಲ್ಲೂ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಇಂಥ ಬಿಸಿಲುನಾಡಿನಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪು ತೊಡುವ ‘ಗಾಥ್’ ಶೈಲಿಯ ಮಾತೆತ್ತಿದರೆ ಹಿರಿಯರು ಹುಬ್ಬೇರಿಸಿಯಾರು. ತೊಡುವವರಿಗೆ ವರ್ಷಗಟ್ಟಲೆ ಕಾಡುವ ಕಾಯಿಲೆಯೂ ಇದ್ದರೆ ‘ಮೊದಲು ಆರಾಮಾಗು, ಶೋಕಿ ಆಮೇಲೆ’ ಎಂಬ ಬುದ್ಧಿಮಾತು ಖಂಡಿತ. ಆದರೆ ಪೂರ್ತಿ ವಾಸಿಯಾಗದ ಕಾಯಿಲೆಯವರಿಗೆ ಆ ‘ಆಮೇಲೆ’ ಬರುವುದೇ ಇಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸಂಗೀತ ತಂಡಗಳ ಸುತ್ತ ಹುಟ್ಟಿದ ಗಾಥ್, 1982ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಬ್ಯಾಟ್‌ಕೇವ್’ ಕ್ಲಬ್ಬಿನಿಂದ ಹೆಸರಾಯಿತು. ಪತಿ ತೀರಿಕೊಂಡ 1861ರಿಂದ ತಾನು ಸಾಯುವ 1901ರವರೆಗೆ ಕಪ್ಪನ್ನೇ ಉಟ್ಟ ವಿಕ್ಟೋರಿಯಾ ರಾಣಿಯ ಕಾಲದ ಶೋಕದ ಉಡುಪು ಇದಕ್ಕೊಂದು ಪ್ರೇರಣೆ. ನಮ್ಮಲ್ಲಿ ಕಪ್ಪು ಶೋಕಕ್ಕಷ್ಟೇ ಸೀಮಿತವಲ್ಲ. ಕಸೂತಿ ಹಾಕಿದ ಕಪ್ಪು ‘ಚಂದ್ರಕಾಳಿ’ ಸೀರೆಯನ್ನು ಉತ್ತರ ಕರ್ನಾಟಕದಲ್ಲಿ ಮದುಮಗಳಿಗೇ ಕೊಡುವ ವಾಡಿಕೆ ಇತ್ತು.

ಬಿಸಿಲಿಗೆ ಕಪ್ಪು ಸಲ್ಲದೇ?

ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿಯನ್ನೇಕೆ ತೊಡುತ್ತಾರೆ ಎಂಬ ಅಧ್ಯಯನವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರುವುದು ನಿಜ. ಆದರೆ ಅಂಗಿ ಸಡಿಲವಾಗಿದ್ದರೆ ಆ ಹೆಚ್ಚುವರಿ ಶಾಖ ಚರ್ಮ ತಲುಪುವ ಮೊದಲೇ ಗಾಳಿಗೆ ಹೋಗುತ್ತದೆ. ಬಿಳಿ ಅಂಗಿಗೂ ಕಪ್ಪಿಗೂ ಮೈಗೆ ತಗಲುವ ಶಾಖ ಒಂದೇ ಎಂಬುದು ಅದರ ಸಾರಾಂಶ. ಮೈಗಂಟಿದ ಬಟ್ಟೆಗೆ ಈ ಮಾತು ಅನ್ವಯಿಸದು. ಲೂಪಸ್ ಇರುವವರಿಗೆ ಬಿಸಿಲು ಕಾಯಿಲೆಯನ್ನೇ ಕೆರಳಿಸಬಹುದು. ಅಂಥವರಿಗೆ ಒತ್ತಾಗಿ ನೇಯ್ದ ಕಪ್ಪು ಬಟ್ಟೆಯ ತುಂಬುತೋಳಿನ ಅಂಗಿ ಒಳ್ಳೆಯದೇ. ನೇರಳಾತೀತ ಕಿರಣಗಳನ್ನು ಅದು ತಿಳಿಬಣ್ಣಕ್ಕಿಂತ ಚೆನ್ನಾಗಿ ತಡೆಯುತ್ತದೆ.

ಗುಂಡಿಯ ಬದಲು ಗಂಟು

ತೊಂದರೆ ಇರುವುದು ಬಣ್ಣದಲ್ಲಲ್ಲ, ಬಿಗಿಯಲ್ಲಿ ಮತ್ತು ಭಾರದಲ್ಲಿ. ಸಂಧಿವಾತದವರ ಬೆರಳುಗಳು ಬೆಳಗಿನ ಹೊತ್ತು ಬಿಗಿದಿರುತ್ತವೆ. ಬೆನ್ನ ಹಿಂದಿನ ಹುಕ್ಕು, ಸಣ್ಣ ಗುಂಡಿ ಅವರಿಗೆ ಶಿಕ್ಷೆ. ಸೊಂಟ ಬಿಗಿಯುವ ಕಾರ್ಸೆಟ್ ಹೊಟ್ಟೆ, ಪಕ್ಕೆಲುಬುಗಳನ್ನು ಒತ್ತುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಗಿ ಬೂಟಿನ ಗಾಯ ಗೊತ್ತೇ ಆಗದು.

ಇದಕ್ಕೆಲ್ಲ ದಾರಿ ಇದೆ. ಕಾರ್ಸೆಟ್ ಬದಲು ನಮ್ಮ ಅಜ್ಜಿಯಂದಿರ ಹಾಗೆ ಮುಂದೆ ಗಂಟು ಹಾಕುವ ಕಪ್ಪು ಖಣದ ಕುಪ್ಪಸ ತೊಡಬಹುದು, ಬೇಕೆಂದಾಗ ಸಡಿಲಿಸಬಹುದು. ಸೊಂಟಕ್ಕೆ ಎಲಾಸ್ಟಿಕ್ ಹಾಕಿದ ನೂಲಿನ ಲಂಗ, ಕಾಲಿಗೆ ಅಗಲ ಮೂತಿಯ ಮೆತ್ತನೆ ಕಪ್ಪು ಷೂ ಸಾಕು. ಊರುಗೋಲಿಗೂ ಕಪ್ಪು ಬಣ್ಣ ಬಳಿದರೆ ಅದು ವೇಷದ ಭಾಗವೇ ಆದೀತು. ಕಣ್ಣಿನ ಸುರ್ಮಾದಲ್ಲಿ ಮಾತ್ರ ಎಚ್ಚರವಿರಲಿ, ಕೆಲವದರಲ್ಲಿ ಸೀಸ ಇರುತ್ತದೆ.

ನೋವು ಹೆಚ್ಚಿದ ದಿನ ಒಂದು ಕಪ್ಪು ಶಾಲು ಹೊದ್ದರೂ ನಡೆದೀತು. ಕಾಯಿಲೆಯವರೆಂದರೆ ಮಾಸಿದ ನೈಟಿ, ಹಳೆಯ ಲುಂಗಿಯೇ ಗತಿ ಎಂದು ಮನೆಯವರು ತೀರ್ಮಾನಿಸಬೇಕಿಲ್ಲ. ಕನ್ನಡಿಯ ಮುಂದೆ ನಿಂತಾಗ ರೋಗಿಯ ಬದಲು ತಾನೇ ಕಾಣಬೇಕೆಂಬ ಆಸೆ ಅವರಿಗೂ ಇರುತ್ತದೆ.