ಬೀರುವಿನಲ್ಲಿರುವ ಸಿಡಿಗೂ ವಯಸ್ಸಾಗುತ್ತದೆ

ದಾವಣಗೆರೆ ಬಳಿಯ ಹದಡಿಯಂಥ ಊರಿನ ಮನೆಗಳಲ್ಲಿ ಬೀರು ತೆಗೆದರೆ ರೇಷ್ಮೆ ಸೀರೆ, ಪಹಣಿ, ಅಂಕಪಟ್ಟಿಗಳ ಜೊತೆಗೆ ಮದುವೆಯ ಸಿಡಿ, ಡಿವಿಡಿಗಳೂ ಸಿಗುತ್ತವೆ. ವಿಡಿಯೊ ಕ್ಯಾಸೆಟ್ಟಿನ ಕಾಲ ಮುಗಿದು ಇವು ಬಂದಾಗ, ಇನ್ನು ಬೂಸ್ಟು ಹಿಡಿಯುವ ಭಯವಿಲ್ಲ ಎಂದು ಎಲ್ಲರೂ ನಂಬಿದರು. ಆದರೆ ಆ ತಟ್ಟೆಗಳಿಗೂ ಆಯಸ್ಸಿದೆ. ಅದು ಮುಗಿಯುವ ಮೊದಲೇ ಅವುಗಳೊಳಗಿನದನ್ನು ಬೇರೆಡೆಗೆ ಸಾಗಿಸಬೇಕು.

ಸ್ಟುಡಿಯೊದಲ್ಲಿ ಬರೆಸಿಕೊಂಡ ಡಿಸ್ಕ್‌ನಲ್ಲಿ ಬಣ್ಣದ ತೆಳುವಾದ ಪದರವೊಂದಿರುತ್ತದೆ. ಲೇಸರ್ ಕಿರಣ ಅದರ ಮೇಲೆ ಗುರುತು ಮೂಡಿಸುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತದೆ. ಸಿಡಿಯಲ್ಲಿ ಈ ಪದರ ಹೆಸರು ಬರೆಯುವ ಬದಿಗೆ ತೀರಾ ಹತ್ತಿರ. ಆದ್ದರಿಂದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೂ ಹಾನಿಯಾಗಬಹುದು. ದಾವಣಗೆರೆಯ ಬೇಸಿಗೆಯಲ್ಲಿ ಶೀಟಿನ ಮನೆಯ ಅಟ್ಟದ ಮೇಲೆ ಡಿಸ್ಕ್ ಇಡುವುದು ಅದನ್ನು ಬೇಗ ಕಳೆದುಕೊಳ್ಳುವ ದಾರಿ.

ಇನ್ನೊಂದು ಅಪಾಯ, ಓದುವ ಯಂತ್ರವೇ ಕಣ್ಮರೆಯಾಗುತ್ತಿರುವುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಬರುವುದು ಅಪರೂಪ. ಡಿಸ್ಕ್‌ಗಳದ್ದೂ ಅದೇ ಕಥೆ: ಸೋನಿ ಕಂಪನಿ 2025ರ ಫೆಬ್ರುವರಿಯಲ್ಲಿ, ಡಿವಿಡಿಯ ನಂತರ ಬಂದ ಬರೆಯಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ನಿಲ್ಲಿಸಿತು. ಡಿಸ್ಕ್ ಚೆನ್ನಾಗಿಯೇ ಉಳಿದರೂ ಅದನ್ನು ಹಾಕಿ ನೋಡಲು ಯಂತ್ರ ಬೇಕಲ್ಲ!

ಗಾತ್ರದ ಲೆಕ್ಕ

ಒಂದು ಸಿಡಿಯಲ್ಲಿ 700 ಎಂಬಿ, ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ, ಒಂದು ಪದರದ ಬ್ಲೂ-ರೇಯಲ್ಲಿ 25 ಜಿಬಿ ಹಿಡಿಸುತ್ತದೆ. ಈಗಿನ ಮದುವೆಗಳ 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ ಆಗುತ್ತದೆ. ಅಂದರೆ ಒಂದು ಗಂಟೆಯ ಮುಹೂರ್ತಕ್ಕೆ 10 ಡಿವಿಡಿ! ಒಂದು ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿರುವುದನ್ನು ಇಳಿಸಲು 200ಕ್ಕೂ ಹೆಚ್ಚು ಡಿವಿಡಿ ಅಥವಾ 40 ಬ್ಲೂ-ರೇ ಬೇಕು. ಹಾಗಾಗಿ ಮೂಲ ಚಿತ್ರೀಕರಣಕ್ಕೆ ಹಾರ್ಡ್‌ಡಿಸ್ಕ್, ಆಯ್ದ ಫೋಟೊ ಮತ್ತು ಸಿದ್ಧ ವಿಡಿಯೊಗಳಿಗೆ ಡಿಸ್ಕ್ ಎಂಬ ಹಂಚಿಕೆ ಒಳ್ಳೆಯದು. ಆಯಸ್ಸಿನ ಮಿತಿಯಿದ್ದರೂ ಡಿಸ್ಕ್‌ಗೊಂದು ಗುಣವಿದೆ: ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್‌ನಲ್ಲಿರುವುದನ್ನು ವೈರಸ್ ಅಳಿಸಲಾರದು, ಮಕ್ಕಳು ಕೈತಪ್ಪಿ ಡಿಲೀಟ್ ಮಾಡಲಾರರು. ಫೇಸ್‌ಬುಕ್ ಕೂಡ 2014ರಲ್ಲಿ 10,000 ಬ್ಲೂ-ರೇ ಡಿಸ್ಕ್ ಹಿಡಿಸುವ ಸಂಗ್ರಹ ಕಪಾಟಿನ ಮಾದರಿಯನ್ನು ತೋರಿಸಿತ್ತು.

ಹಲವು ಡಿಸ್ಕ್‌ಗಳಿಗೆ ಹಂಚುವಾಗ ಒಂದು ಸಮಾರಂಭವನ್ನು ಆದಷ್ಟೂ ಒಂದೇ ಡಿಸ್ಕ್‌ನಲ್ಲಿ ಇಡಿ. ಇಡೀ ಸಂಗ್ರಹವನ್ನು ಒಂದೇ ಜಿಪ್ ಫೈಲ್ ಮಾಡಿ ಹತ್ತು ಡಿಸ್ಕ್‌ಗಳಿಗೆ ತುಂಡರಿಸಿದರೆ, ನಡುವಿನ ಒಂದು ಕೆಟ್ಟರೂ ಉಳಿದ ಒಂಬತ್ತೂ ಕೆಲಸಕ್ಕೆ ಬಾರದೆ ಹೋಗಬಹುದು. ಪ್ರತಿ ಡಿಸ್ಕ್‌ಗೂ ಸಂಖ್ಯೆ ಕೊಡಿ. ಯಾವುದರಲ್ಲಿ ಯಾರ ನಾಮಕರಣ, ಯಾರ ಗೃಹಪ್ರವೇಶ ಇದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಡಿಮೆ ವೇಗದಲ್ಲಿ ಬರ್ನ್ ಮಾಡಿ, ಕೊನೆಗೆ ಬರೆದದ್ದು ಸರಿಯಿದೆಯೇ ಎಂದು ವೆರಿಫೈ ಮಾಡಿಸಿ. ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು ನೋಡದ ಪ್ರತಿಯನ್ನು ನಂಬಬೇಡಿ.

ಮೂರು ಪ್ರತಿ, ಎರಡು ಬಗೆ, ಒಂದು ದೂರ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸೂತ್ರವಿದು: ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಹದಡಿಯ ಮನೆಯಲ್ಲಿ ಹಾರ್ಡ್‌ಡಿಸ್ಕ್ ಮತ್ತು ಡಿಸ್ಕ್‌ಗಳಿದ್ದರೆ, ಮೂರನೆಯ ಪ್ರತಿ ಹರಿಹರದ ತಂಗಿಯ ಮನೆಯಲ್ಲೋ ಬೆಂಗಳೂರಿನ ಮಗನ ಬಳಿಯೋ ಇರಲಿ. ಗೂಗಲ್ ಫೋಟೋಸ್ ಇದೆಯಲ್ಲ ಎನ್ನುವವರು ಗಮನಿಸಿ: ಅದರ ಮಿತಿಯಿಲ್ಲದ ಉಚಿತ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿದಿದೆ. ಮೇಲಾಗಿ, ಬ್ಯಾಕಪ್ ಆದ ಫೋಟೊವನ್ನು ಮೊಬೈಲಿನ ಆ ಆ್ಯಪ್‌ನಲ್ಲಿ ಅಳಿಸಿದರೆ ಗೂಗಲ್‌ನ ಸಂಗ್ರಹದಲ್ಲಿಯೂ ಅಳಿಯುತ್ತದೆ.

ಹೆಚ್ಚು ಪ್ರತಿಗಳ ಬೆಲೆ ಏನೆಂದು ಕನ್ನಡಿಗರು ಕಂಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದಾಳತ್ವ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳೂ ಸ್ಕ್ಯಾನ್ ಆಗಿದ್ದವು. ಮುಂದೆ ಆ ಜಾಲತಾಣವೇ ತೆರೆಯದಂತಾಯಿತು. ಅಷ್ಟರಲ್ಲಿ ಲಕ್ಷಾಂತರ ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್ ಸೇರಿದ್ದರಿಂದ ಅಪರೂಪದ ಎಷ್ಟೋ ಕನ್ನಡ ಕೃತಿಗಳನ್ನು ನಾವು ಇಂದೂ ಓದುತ್ತಿದ್ದೇವೆ.

ನಮ್ಮ ಮನೆಯ ನೆನಪುಗಳಿಗೆ ಅಂಥ ಸಂಸ್ಥೆ ಯಾವುದೂ ಕಾವಲಿಲ್ಲ. ಆ ಕೆಲಸವನ್ನು ನಾವೇ ಮಾಡಬೇಕು. ಈ ಭಾನುವಾರ ಹಳೆಯ ಡಿಸ್ಕ್‌ಗಳನ್ನೆಲ್ಲ ಹೊರತೆಗೆಯಿರಿ, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಿ, ಯುಎಸ್‌ಬಿ ಡಿಸ್ಕ್ ಡ್ರೈವ್ ಇರುವವರನ್ನು ಹುಡುಕಿ ಹಾರ್ಡ್‌ಡಿಸ್ಕ್‌ಗೆ ಇಳಿಸಿಕೊಳ್ಳಿ. ಈಗ ಇಲ್ಲದ ಅಜ್ಜ ಅಜ್ಜಿಯರ ದನಿ ಇರುವ ಡಿಸ್ಕ್‌ನಿಂದಲೇ ಶುರು ಮಾಡಿ.